ತಿರುಗುವ ಯಂತ್ರದ ಮುಂದೆ ನಮ್ಮ ಉಡುಪು

(ಸಂಘದ ವಾರ್ಷಿಕ ಶೈಕ್ಷಣಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಪಾಠ ಮಾಡುವ ಶಿಕ್ಷಕಿಗೆ ಯಂತ್ರದ ಮಾತು ಯಾಕೆ ಬೇಕಿತ್ತು ಎಂದು ಹಿಂದಿನ ಸಾಲಿನಲ್ಲಿ ಯಾರಾದರೂ ಪಿಸುಗುಟ್ಟುತ್ತಿದ್ದರೆ ಆಶ್ಚರ್ಯವಿಲ್ಲ. ಕಾರಣ ಇಷ್ಟೇ. ನನ್ನ ಬಳಿ ಅಲಿಫ್-ಬೇ, ಅ-ಆ ಕಲಿತ ಮಕ್ಕಳಲ್ಲಿ ಡಾಕ್ಟರಾಗುವವರು ಬೆರಳೆಣಿಕೆಯಷ್ಟು. ಮಿಕ್ಕವರು ಹತ್ತನೇ ತರಗತಿ ಮುಗಿಸಿ, ಕೆಲವರು ಮುಗಿಸದೆಯೂ, ಶಿರಾದ ಹೆದ್ದಾರಿ ಬದಿಯ ಲೇತ್ ಅಂಗಡಿಗೋ, ಮೋಟಾರ್ ರಿವೈಂಡಿಂಗ್ ಅಂಗಡಿಗೋ, ತುಮಕೂರಿನ ಪಕ್ಕದ ವಸಂತನರಸಾಪುರದ ಕಾರ್ಖಾನೆಗೋ, ಬೆಂಗಳೂರಿನ ಪೀಣ್ಯಕ್ಕೋ ಹೋಗುತ್ತಾರೆ. ಹುಲಿಕುಂಟೆಯಲ್ಲಿ ಇರುವವರೂ ಯಂತ್ರದಿಂದ ದೂರವಿಲ್ಲ. ಕಡಲೇಕಾಯಿ ಬಿಡಿಸುವ ಮಷೀನು, ರಾಗಿ ಒಕ್ಕುವ ಮಷೀನು, ಹಿಟ್ಟಿನ ಗಿರಣಿ ಇಲ್ಲದ ಊರು ಈಗ ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯೂ ಇಲ್ಲ. ಇವುಗಳಲ್ಲೆಲ್ಲ ಸಾಮಾನ್ಯವಾದದ್ದು ಒಂದು: ಏನೋ ಒಂದು ತಿರುಗುತ್ತಿರುತ್ತದೆ. ಅದರ ಪಕ್ಕದಲ್ಲಿ ಬಟ್ಟೆ ತೊಟ್ಟ ಮನುಷ್ಯನೊಬ್ಬ ನಿಂತಿರುತ್ತಾನೆ.

ಉರ್ದುವಿನಲ್ಲಿ 'ದಾಮನ್ ಪಕಡ್‌ನಾ' ಎಂಬ ಮಾತಿದೆ. ಅಂಗಿಯ ಅಂಚು ಹಿಡಿದು ಆಸರೆ ಬೇಡುವುದು ಎಂದರ್ಥ. ಬೇಡುವವನು ಮನುಷ್ಯನಾದರೆ ದಾಮನ್ ಬಿಡಿಸಿಕೊಳ್ಳಬಹುದು. ಶಾಫ್ಟು ಹಿಡಿದರೆ ಬಿಡುವುದಿಲ್ಲ. ಯಾಕೆ ಬಿಡುವುದಿಲ್ಲ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ. ಹೆದರಿಸಿ ಹೇಳಿದ ಮಾತನ್ನು ಮಕ್ಕಳು ಮರೆಯುತ್ತಾರೆ, ಲೆಕ್ಕ ಹಾಕಿದ್ದನ್ನು ಅಷ್ಟು ಬೇಗ ಮರೆಯುವುದಿಲ್ಲ.

ಟ್ರ್ಯಾಕ್ಟರಿನ ಹಿಂಭಾಗದಿಂದ ಒಕ್ಕಣೆ ಮಷೀನಿಗೆ ಶಕ್ತಿ ಕೊಡುವ ಪಿಟಿಒ ಶಾಫ್ಟು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು. ಶಾಫ್ಟಿನ ದಪ್ಪ 6 ಸೆಂಟಿಮೀಟರ್ ಇದ್ದರೆ ಅದರ ಸುತ್ತಳತೆ ಸುಮಾರು 19 ಸೆಂಟಿಮೀಟರ್. 9ರಿಂದ ಗುಣಿಸಿ. ಸೆಕೆಂಡಿಗೆ 1.7 ಮೀಟರ್ ಬಟ್ಟೆಯನ್ನು ಅದು ಸುತ್ತಿಕೊಳ್ಳುತ್ತದೆ. ಎರಡೂಕಾಲು ಮೀಟರಿನ ದುಪಟ್ಟಾ ಪೂರ್ತಿ ಮುಗಿಯಲು ಬೇಕಾದದ್ದು ಒಂದೂಕಾಲು ಸೆಕೆಂಡಿಗೆ ತುಸು ಹೆಚ್ಚು. ಸುತ್ತಿದಂತೆಲ್ಲ ದಪ್ಪ ಹೆಚ್ಚುವುದರಿಂದ ವಾಸ್ತವದಲ್ಲಿ ಇನ್ನೂ ಬೇಗ. ಈಗ ಮನುಷ್ಯನ ಕಡೆ ಬನ್ನಿ. ಏನಾಯಿತು ಎಂದು ಕಣ್ಣು ಕಂಡು ಕೈ ಅಲುಗಾಡಲು ಶುರುವಾಗುವುದಕ್ಕೇ ಕಾಲು ಸೆಕೆಂಡು ಬೇಕು. ಆಮೇಲೆ ಕೈ ಸ್ವಿಚ್ಚಿನವರೆಗೆ ಹೋಗಬೇಕು, ಸ್ವಿಚ್ಚು ಆಫ್ ಆದ ಮೇಲೂ ಯಂತ್ರ ಕೆಲವು ಸುತ್ತು ತಿರುಗಿಯೇ ನಿಲ್ಲುತ್ತದೆ. ಅರ್ಧ ಸೆಕೆಂಡಿನಲ್ಲಿ 85 ಸೆಂಟಿಮೀಟರ್ ಬಟ್ಟೆ ಒಳಗೆ ಹೋಗಿರುತ್ತದೆ. ಅದು ಕೊರಳಿನಿಂದ ಸೊಂಟಕ್ಕಿರುವ ಅಂತರಕ್ಕಿಂತ ಹೆಚ್ಚು.

ಲೇತಿನ ಲೆಕ್ಕ ಇನ್ನೂ ಬಿರುಸು. 16 ಸೆಂಟಿಮೀಟರ್ ಅಗಲದ ಚಕ್ಕು ನಿಮಿಷಕ್ಕೆ 500 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ 4 ಮೀಟರಿಗೂ ಹೆಚ್ಚು ದೂರ ಓಡುತ್ತದೆ. ಹುಡುಗರು 500 ಸುತ್ತನ್ನು 'ಸ್ಲೋ' ಅನ್ನುತ್ತಾರೆ!

ಎರಡನೆಯ ಪ್ರಶ್ನೆ, ನುಣುಪಾದ ಕಬ್ಬಿಣ ಬಟ್ಟೆಯನ್ನು ಹಿಡಿಯುವುದಾದರೂ ಹೇಗೆ? ಹೋರಿಯ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಹಿಡಿದ ಚಿಕ್ಕ ಹುಡುಗ ಆ ಹೋರಿಯನ್ನು ನಿಲ್ಲಿಸುವುದನ್ನು ನಮ್ಮ ಊರುಗಳಲ್ಲಿ ಎಲ್ಲರೂ ನೋಡಿದ್ದೇವೆ. ಶಕ್ತಿ ಹುಡುಗನದಲ್ಲ, ಸುತ್ತಿನದು. ಗಣಿತದಲ್ಲಿ ಇದಕ್ಕೊಂದು ಸೂತ್ರವಿದೆ. ಘರ್ಷಣೆಯ ಗುಣಾಂಕ 0.3 ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಹಿಡಿತ ಆರೂವರೆ ಪಟ್ಟು, ಎರಡು ಸುತ್ತಿಗೆ 43 ಪಟ್ಟು, ಮೂರು ಸುತ್ತಿಗೆ ಸುಮಾರು 285 ಪಟ್ಟು ಆಗುತ್ತದೆ. ಕೂಡಿಸುವುದಲ್ಲ, ಪ್ರತಿ ಸುತ್ತೂ ಗುಣಿಸುತ್ತದೆ. ದುಪಟ್ಟಾದ ತುದಿ 10 ಗ್ರಾಂ ಭಾರದಷ್ಟು ಎಳೆತದಲ್ಲಿ ತಗುಲಿಕೊಂಡಿತು ಎನ್ನಿ. ಮೂರು ಸುತ್ತಾಗುವಷ್ಟರಲ್ಲಿ ಎಳೆತ 3 ಕಿಲೋ ಹತ್ತಿರ, ನಾಲ್ಕನೆಯ ಸುತ್ತಿಗೆ 18 ಕಿಲೋ ದಾಟುತ್ತದೆ. ಆ ಪಿಟಿಒ ಶಾಫ್ಟಿಗೆ ನಾಲ್ಕು ಸುತ್ತು ಅಂದರೆ ಅರ್ಧ ಸೆಕೆಂಡು ಕೂಡ ಅಲ್ಲ. ಇದು ಏನೂ ಹೊರಗೆ ಚಾಚಿಕೊಂಡಿಲ್ಲದ ನುಣುಪು ಶಾಫ್ಟಿನ ಲೆಕ್ಕ. ಸ್ಕ್ರೂ ತಲೆ, ಕೀಲಿ, ಚಕ್ಕಿನ ದವಡೆ, ತುಕ್ಕಿನ ಮುಳ್ಳು ಇದ್ದರೆ ಕೇಳುವುದೇ ಬೇಡ.

'ಕಾಟನ್ ಬಟ್ಟೆ ಅಲ್ವಾ, ಹರಿದುಹೋಗುತ್ತೆ ಬಿಡಿ ಟೀಚರ್' ಎಂದು ಒಬ್ಬ ವಿದ್ಯಾರ್ಥಿ ನನಗೆ ಸಮಾಧಾನ ಹೇಳಿದ್ದಾನೆ. ಹರಿಯುವುದಿಲ್ಲ. ಹಗ್ಗದಂತೆ ಹೊಸೆದುಕೊಂಡ ಹತ್ತಿ ಸೀರೆ ಮನುಷ್ಯನ ಭಾರ ಹೊರುತ್ತದೆ. ತೊಟ್ಟಿಲು ಕಟ್ಟುವ ತಾಯಂದಿರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಪಾಲಿಯೆಸ್ಟರ್ ಅದಕ್ಕಿಂತ ಗಟ್ಟಿ.

ಉಡುಪು ಎಂದ ಕೂಡಲೇ ಸಭೆಯ ಕಣ್ಣೆಲ್ಲ ಹೆಣ್ಣುಮಕ್ಕಳ ಕಡೆ ತಿರುಗುವುದು ನಮ್ಮಲ್ಲಿ ವಾಡಿಕೆ. ಆದ್ದರಿಂದ ನಾನು ಗಂಡುಮಕ್ಕಳಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆಯ ಸಣ್ಣ ಅಂಗಡಿಗಳಲ್ಲಿ ಯಂತ್ರದ ಮುಂದೆ ನಿಂತಿರುವವರು ಹೆಚ್ಚಾಗಿ ಅವರೇ. ಲುಂಗಿ ಉಟ್ಟು ಗಿರಣಿಯ ಬೆಲ್ಟಿನ ಪಕ್ಕ ಕೂರುವವರಿದ್ದಾರೆ. ಜುಮ್ಮಾ ನಮಾಜ್ ಮುಗಿಸಿ ಅಗಲ ತೋಳಿನ ಜುಬ್ಬಾದಲ್ಲೇ ಬಂದು, 'ಒಂದೇ ಒಂದು ಬುಷ್, ಐದು ನಿಮಿಷ' ಎಂದು ಲೇತ್ ಚಾಲೂ ಮಾಡುವ ಉಸ್ತಾದರಿದ್ದಾರೆ. ಅಂಗಿಯ ಗುಂಡಿ ಬಿಚ್ಚಿ, ತೋಳನ್ನು ಹೊರಗಡೆಗೆ ಸಡಿಲವಾಗಿ ಮಡಚುವುದು ಶಾಗಿರ್ದರ ಫ್ಯಾಷನ್ನು. ಚಳಿಗಾಲದಲ್ಲಿ ಮಫ್ಲರ್. ಕೊರಳಲ್ಲಿ ತಾಯಿತದ ದಾರ. ಕೈಯಲ್ಲಿ ಕಡ, ವಾಚು, ಉಂಗುರ. ಇವಕ್ಕೆಲ್ಲ ಈಚೆಗೆ ಎರಡು ಸೇರಿವೆ: ಕಿವಿಯಿಂದ ಇಳಿಬಿದ್ದ ಇಯರ್‌ಫೋನಿನ ವೈರು, ಮತ್ತು ಐಟಿಐನವರೇ ಕೊಡುವ ಗುರುತಿನ ಚೀಟಿಯ ಕೊರಳ ಪಟ್ಟಿ. ಬಗ್ಗಿ ಡ್ರಿಲ್ಲಿನ ತುದಿ ನೋಡುವಾಗ ಆ ಪಟ್ಟಿ ಎಲ್ಲಿಗೆ ಇಳಿಯುತ್ತದೆ ಎಂದು ಒಮ್ಮೆ ಯೋಚಿಸಿ. ವರ್ಕ್‌ಷಾಪಿನ ಬಾಗಿಲಲ್ಲಿ ಒಂದು ಮೊಳೆ ಹೊಡೆದು ಎಲ್ಲರ ಚೀಟಿಯನ್ನೂ ಅಲ್ಲಿ ನೇತುಹಾಕಿದರೆ ಮುಗಿಯಿತು. ತಾಯಿತ ತೆಗೆಯಲು ಮನಸ್ಸು ಬಾರದವರು ದಾರ ಬಿಚ್ಚಿ ಒಳಜೇಬಿನಲ್ಲಿ ಇಟ್ಟುಕೊಳ್ಳಲಿ. ಉದ್ದ ಗಡ್ಡದವರೂ ಡ್ರಿಲ್ಲಿನ ಮೇಲೆ ಬಗ್ಗುವಾಗ ಅದನ್ನು ಬಲೆಯಲ್ಲೋ ಬಟ್ಟೆಯಲ್ಲೋ ಕಟ್ಟಿಕೊಳ್ಳಬೇಕು. ನಗಬೇಡಿ, ಕೂದಲು ಕೂದಲೇ.

ಕೈಗವಸಿನ ವಿಷಯದಲ್ಲಿ ಮಾತ್ರ ತುಸು ನಿಲ್ಲಬೇಕು, ಏಕೆಂದರೆ ಇಲ್ಲಿ ಕಾಳಜಿಯೇ ಅಪಾಯವಾಗುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಒಳ್ಳೆಯ ಅಕ್ಷರದ ಹುಡುಗ, ಒಂದು ಊರಿನ ವರ್ಕ್‌ಷಾಪಿನಲ್ಲಿ ಡ್ರಿಲ್ಲಿಂಗ್ ಮಷೀನಿನ ಮೇಲೆ ಕೆಲಸಕ್ಕಿದ್ದ. ಲೋಹದ ಸುರುಳಿ ಕೈ ಕೊಯ್ಯುತ್ತದೆ ಎಂದು ಅವನಿಗೆ ಉಣ್ಣೆಯ ಕೈಗವಸು ಕೊಟ್ಟಿದ್ದರು. ಕೊಟ್ಟವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ತಿರುಗುತ್ತಿದ್ದ ಡ್ರಿಲ್ಲಿಗೆ ಗವಸಿನ ಒಂದು ಎಳೆ ತಗುಲಿತು. ಬರಿಗೈ ಆಗಿದ್ದರೆ ಗಾಯವಾಗಿ ಕೈ ಹಿಂದಕ್ಕೆ ಬರುತ್ತಿತ್ತು. ಗವಸು ಕೈಯನ್ನು ಒಳಗೆ ಕರೆದೊಯ್ಯಿತು. ಬಲಗೈಯ ಎರಡು ಬೆರಳು ಹೋದವು. ಈಗ ಅಣ್ಣನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾನೆ, ಎಡಗೈಯಲ್ಲಿ ಲೆಕ್ಕ ಬರೆಯುತ್ತಾನೆ. ಆದ್ದರಿಂದ ನೆನಪಿಡಿ. ಶೀಟು ಎತ್ತುವಾಗ, ಕಬ್ಬಿಣದ ರಾಡು ಸಾಗಿಸುವಾಗ, ಯಂತ್ರ ನಿಂತಿರುವಾಗ ಗವಸು ಬೇಕು. ಲೇತ್, ಡ್ರಿಲ್ಲಿಂಗ್, ಮಿಲ್ಲಿಂಗ್ ಯಂತ್ರ ತಿರುಗುತ್ತಿರುವಾಗ ಗವಸು ಬೇಡ. ಸುರುಳಿಯನ್ನು ತೆಗೆಯಲು ಕೊಕ್ಕೆ ಕಡ್ಡಿ ಅಥವಾ ಬ್ರಷ್ಷು ಇದೆ, ಅದೂ ಯಂತ್ರ ನಿಲ್ಲಿಸಿದ ಮೇಲೆ. ತಿರುಗುವ ಜಾಬನ್ನು ಬಟ್ಟೆ ಚೂರಿನಿಂದ ಒರೆಸುವುದು, ಎಮರಿ ಕಾಗದವನ್ನು ಬೆರಳಿಗೆ ಸುತ್ತಿ ಪಾಲಿಷ್ ಮಾಡುವುದು ಕೂಡ ಗವಸಿನ ಸೋದರಸಂಬಂಧಿಗಳೇ.

ಇನ್ನು ಹೆಣ್ಣುಮಕ್ಕಳ ವಿಷಯ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಿ ಹೊಸ ಯಂತ್ರಗಳನ್ನು ತಂದರು. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ಮುಚ್ಚಿದಾಗ 'ಇನ್ನು ಈ ಜಿಲ್ಲೆಯಲ್ಲಿ ಹುನರ್ ಇರುವವರಿಗೆ ಕೆಲಸವಿಲ್ಲ' ಎಂದವರಿದ್ದರು. ಆ ಮಾತು ನಿಜವಾಗಲಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳು ಟರ್ನರ್, ಫಿಟ್ಟರ್, ಮಷಿನಿಸ್ಟ್ ತರಬೇತಿಗೆ ಅರ್ಜಿ ಹಾಕುತ್ತೇನೆಂದರೆ ಎರಡು ಕಡೆಯಿಂದ ಬಾಗಿಲು ಮುಚ್ಚುತ್ತದೆ. ಕೆಲಸ ಕೊಡುವವರು 'ದುಪಟ್ಟಾ, ಬುರ್ಖಾ ಎಲ್ಲ ಮಷೀನಿನ ಹತ್ತಿರ ಆಗಲ್ಲಮ್ಮ, ಟೈಲರಿಂಗಿಗೆ ಹೋಗು' ಅನ್ನುತ್ತಾರೆ. ಮನೆಯಲ್ಲಿ ಅಬ್ಬಾ, ಚಾಚಾ 'ದುಪಟ್ಟಾ ತೆಗೆದು ಮಾಡುವ ಕೆಲಸ ಬೇಡ' ಅನ್ನುತ್ತಾರೆ. ಕೆಲಸ ಕೊಡುವವರ ಮಾತಿನ ಮೊದಲರ್ಧ ಸರಿ. ನೇತಾಡುವ ದುಪಟ್ಟಾ ಲೇತಿನ ಹತ್ತಿರ ಆಗಲೇಬಾರದು, ಈ ಲೆಕ್ಕವನ್ನು ಈಗ ತಾನೇ ಹಾಕಿದ್ದೇವೆ. ಸೊಂಟಕ್ಕೆ ಅಡ್ಡ ಕಟ್ಟಿ ಗಂಟು ಹಾಕಿದರೂ ಗಂಟಿನ ಬಾಲ ಉಳಿಯುತ್ತದೆ. ತಪ್ಪಿರುವುದು ಎರಡನೆಯ ಅರ್ಧದಲ್ಲಿ. ತಲೆ ಮತ್ತು ಮೈ ಮುಚ್ಚುವುದಕ್ಕೂ ಬಟ್ಟೆ ನೇತಾಡುವುದಕ್ಕೂ ಸಂಬಂಧವೇ ಇಲ್ಲ. ನಿಜ ಹೇಳಬೇಕೆಂದರೆ, ಯಂತ್ರದ ಮುಂದೆ ತಲೆ ಬಿಗಿಯಾಗಿ ಮುಚ್ಚಿದ ಹುಡುಗಿ ಜಡೆ ಬಿಟ್ಟ ಹುಡುಗಿಗಿಂತ ಸುರಕ್ಷಿತ.

ಕೂದಲಿನ ಮಾತು ಬಂದದ್ದರಿಂದ ಹೇಳುತ್ತೇನೆ. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅಂತಿಮ ವರ್ಷದ ವಿಜ್ಞಾನ ವಿದ್ಯಾರ್ಥಿನಿಯೊಬ್ಬಳು ರಾತ್ರಿ ಹೊತ್ತು ಪ್ರಯೋಗಾಲಯದ ವರ್ಕ್‌ಷಾಪಿನಲ್ಲಿ ಒಬ್ಬಳೇ ಕೆಲಸ ಮಾಡುತ್ತಿದ್ದಾಗ ಲೇತಿಗೆ ಕೂದಲು ಸಿಕ್ಕಿ ತೀರಿಕೊಂಡಳು. ಜಗತ್ತಿನ ದೊಡ್ಡ ವಿದ್ಯಾಲಯ, ಬುದ್ಧಿವಂತ ಹುಡುಗಿ, ಪದವಿಗೆ ಕೆಲವೇ ವಾರ ಬಾಕಿ. ಸ್ವಿಚ್ಚು ಆಫ್ ಮಾಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹೆಂಗಸರು ಕಾರ್ಖಾನೆಗಳಿಗೆ ಬಂದಾಗಲೂ ಇದೇ ಚಿಂತೆ ಇತ್ತು. ಆಗ ವೆರೋನಿಕಾ ಲೇಕ್ ಎಂಬ ಸಿನಿಮಾ ನಟಿ ಒಂದು ಕಣ್ಣಿನ ಮೇಲೆ ಕೂದಲು ಇಳಿಬಿಡುವ ತನ್ನ ಹೆಸರಾಂತ ಕೇಶಶೈಲಿಯನ್ನು ಬದಲಿಸಿ, ಕೂದಲು ಕಟ್ಟಿಕೊಳ್ಳಿರೆಂದು ಕೆಲಸಗಾರ್ತಿಯರಿಗೆ ತೋರಿಸಿಕೊಟ್ಟಳು. ಕೂದಲಿನ ಕಾರಣಕ್ಕೆ ಹೆಂಗಸರನ್ನು ಮನೆಗೆ ಕಳಿಸುವ ಬದಲು ಕೂದಲು ಕಟ್ಟಿಸಿದರು, ಅಷ್ಟೇ.

ಕಾಲ್ಚೆಂಡಿನ ಅಂತರರಾಷ್ಟ್ರೀಯ ನಿಯಮದಲ್ಲಿ ತಲೆವಸ್ತ್ರಕ್ಕೆ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಷರತ್ತುಗಳನ್ನು ಗಮನಿಸಿ: ಅಂಗಿಗೆ ಅಂಟಿಕೊಂಡಿರಬಾರದು, ಕೊರಳಿನ ಸುತ್ತ ಅಪಾಯವಾಗುವಂಥ ಕೊಂಡಿ ಇರಬಾರದು, ಯಾವ ಭಾಗವೂ ಹೊರಚಾಚಿರಬಾರದು. ಆಟದ ಮೈದಾನಕ್ಕೆ ಬರೆದ ಈ ಮಾತನ್ನು ವರ್ಕ್‌ಷಾಪಿಗೂ ಹೆಚ್ಚು ಬದಲಾವಣೆಯಿಲ್ಲದೆ ತರಬಹುದು.

ನಮ್ಮ ತಾಯಂದಿರಲ್ಲಿ ಹೊಲಿಗೆ ಬಲ್ಲವರು ಬಹಳ ಜನರಿದ್ದೀರಿ. ನಿಮಗಾಗಿ ಅಳತೆ ಹೇಳುತ್ತೇನೆ. ತಲೆಗೆ ಹಿಗ್ಗುವ ಹೊಸೈರಿ ಬಟ್ಟೆಯ ಹೊಲಿದ ತಲೆವಸ್ತ್ರ, ಎಳೆದು ತೊಡುವಂಥದ್ದು. ಪಿನ್ನು ಬೇಡ, ಗಂಟು ಬೇಡ. ಹಿಂದೆ ಬೇಕಿದ್ದರೆ ಎಳೆದರೆ ಬಿಟ್ಟುಕೊಳ್ಳುವ ವೆಲ್ಕ್ರೋ. ಜಡೆ ಸುತ್ತಿ ಅದರೊಳಗೆ. ಕೆಳಗಿನ ಅಂಚು ಎದೆಯ ಮೂಳೆಯವರೆಗೆ ಇಳಿದು ಕೋಟಿನ ಕಾಲರಿನ ಒಳಗೆ ಹೋಗಬೇಕು. ಕೋಟು ಮುಂದೆ ಪೂರ್ತಿ ಗುಂಡಿ ಹಾಕುವಂಥದ್ದು, ಉದ್ದ ಮೊಣಕಾಲಿಗಿಂತ ತುಸು ಮೇಲೆ. ಅದಕ್ಕಿಂತ ಉದ್ದವಾದರೆ ಅಂಚು ಬೀಸಾಡುತ್ತದೆ. ಕಮೀಜಿನ ಪಕ್ಕದ ಸೀಳು ಕೋಟಿನ ಕೆಳಗೆ ಇಣುಕಬಾರದು. ತೋಳಿನ ತುದಿಗೆ ಮಣಿಕಟ್ಟಿನಲ್ಲಿ ಎಲಾಸ್ಟಿಕ್. ಸೊಂಟಕ್ಕೆ ಕಟ್ಟುವ ಲಾಡಿ ಬೇಡ. ಸಲ್ವಾರ್ ಕೆಳಗೆ ಕಿರಿದಾಗಿರಲಿ, ಪಟಿಯಾಲಾ ಶೈಲಿ ಮದುವೆ ಮನೆಗಿರಲಿ. ಕಾಲಿಗೆ ಮುಚ್ಚಿದ ಬೂಟು. ಇದನ್ನೆಲ್ಲ ತೊಟ್ಟ ಹುಡುಗಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ಸೊಂಟದಿಂದ ಬಗ್ಗಿಸಿ ನೋಡಿ. ಬಗ್ಗಿದಾಗ ಏನಾದರೂ ಮೈಯಿಂದ ಬಿಟ್ಟು ನೇತಾಡಿದರೆ ಅದನ್ನು ಕತ್ತರಿಸಿ ಅಥವಾ ಒಳಗೆ ಹೊಲಿಯಿರಿ. ಬುರ್ಖಾ ತೊಟ್ಟು ಬರುವವರು ಅದನ್ನು ತೆಗೆದು ಕೋಟು ತೊಡಲು ಚಿಲಕವಿರುವ ಒಂದು ಕೋಣೆ ಬೇಕು. ಐಟಿಐಗೆ ಮಗಳನ್ನು ಸೇರಿಸುವಾಗ ತಂದೆ-ತಾಯಿ ಕೇಳಬೇಕಾದ ಮೊದಲ ಪ್ರಶ್ನೆ ಈ ಕೋಣೆ ಎಲ್ಲಿದೆ ಎಂಬುದು. ಸಂಘದ ಹಿರಿಯರು ಒಬ್ಬೊಬ್ಬ ಪಾಲಕರನ್ನು ಕಳಿಸುವ ಬದಲು ತಾವೇ ಹೋಗಿ ಪ್ರಾಂಶುಪಾಲರ ಬಳಿ ಕೇಳಿದರೆ ಕೋಣೆ ಬೇಗ ಸಿಗುತ್ತದೆ. ಇದು ನನ್ನ ಬಿನ್ನಹ.

ಕಾನೂನಿನ ಮಾತು ಒಂದಿಷ್ಟು. 1948ರ ಕಾರ್ಖಾನೆಗಳ ಕಾಯ್ದೆಯ 22ನೇ ಕಲಮಿನಲ್ಲಿ, ಚಲಿಸುತ್ತಿರುವ ಯಂತ್ರವನ್ನು ಪರೀಕ್ಷಿಸಲು, ಎಣ್ಣೆ ಹಾಕಲು ಹೋಗುವ ಕೆಲಸಗಾರ ಮೈಗೆ ಬಿಗಿಯಾದ ಉಡುಪು ತೊಟ್ಟಿರಬೇಕು, ಆ ಉಡುಪನ್ನು ಮಾಲೀಕನೇ ಒದಗಿಸಬೇಕು ಎಂದು ಬರೆದಿತ್ತು. 26ನೇ ಕಲಂ ತಿರುಗುವ ಶಾಫ್ಟಿನ ಸ್ಕ್ರೂ, ಬೋಲ್ಟು, ಕೀಲಿಗಳು ಹೊರಚಾಚದಂತೆ ಮುಚ್ಚಿರಬೇಕು ಎಂದಿತ್ತು. ಬಟ್ಟೆಯ ಹೊಣೆ ತೊಟ್ಟವನ ಮೇಲೆ ಮಾತ್ರ ಇಲ್ಲ ಎಂಬುದನ್ನು ಆ ಕಾಯ್ದೆ ಒಪ್ಪಿಕೊಂಡಿತ್ತು. ಆದರೆ ವಿದ್ಯುತ್ ಬಳಸುವ ಕಡೆ 10 ಜನ ಕೆಲಸಗಾರರಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಕಾರ್ಖಾನೆ ಎನಿಸುತ್ತಿತ್ತು. ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲಿ ಈ ಸಂಖ್ಯೆ 20. ನಾಲ್ಕು ಜನರ ಲೇತ್ ಅಂಗಡಿಗೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ಕಾಯುವುದು ವ್ಯರ್ಥ. ಅಲ್ಲಿ ಉಸ್ತಾದರೇ ಇನ್‌ಸ್ಪೆಕ್ಟರು. ಉಸ್ತಾದರು ಜುಬ್ಬಾ ಮಡಚಿ ನಿಂತರೆ ಶಾಗಿರ್ದನೂ ಹಾಗೇ ನಿಲ್ಲುತ್ತಾನೆ.

ಹೊಲದ ಕಡೆಗೂ ಬರೋಣ. ಒಕ್ಕಣೆ ಮಷೀನುಗಳಿಗೆ ಕೈ ಸಿಕ್ಕಿ ದೇಶದಲ್ಲಿ ಬಹಳ ಅನಾಹುತಗಳಾದ ಮೇಲೆ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ಕಾಯ್ದೆಯನ್ನೇ ಮಾಡಿತು. ನಮ್ಮಲ್ಲಿ ಕಡಲೇಕಾಯಿ ಬಳ್ಳಿ ತುಂಬುವವರು ಹೆಚ್ಚಾಗಿ ಹೆಂಗಸರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೂ ಬಗ್ಗಿ ಎದ್ದು ಮಾಡುವಾಗ ಜಾರುತ್ತದೆ. ಮೇಲೊಂದು ಗಂಡಸರ ಉದ್ದ ತೋಳಿನ ಅಂಗಿ ತೊಟ್ಟು ಗುಂಡಿ ಹಾಕಿ, ಸೆರಗನ್ನು ಅಂಗಿಯ ಒಳಗಿಟ್ಟುಕೊಳ್ಳುವ ಕೂಲಿಕಾರ ಅಕ್ಕಂದಿರನ್ನು ನಾನು ನೋಡಿದ್ದೇನೆ. ಬಿಸಿಲಿಗೆಂದು ಅವರು ಕಂಡುಕೊಂಡ ಉಪಾಯ ಇದಕ್ಕೂ ಒದಗುತ್ತದೆ. ಪಿಟಿಒ ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಆ ದಿನ ಬಾಡಿಗೆಗೆ ಒಪ್ಪಬೇಡಿ. ತಿರುಗುವ ಶಾಫ್ಟನ್ನು ದಾಟಲೂ ಬೇಡಿ, ಎಷ್ಟೇ ಸುತ್ತಾದರೂ ಟ್ರ್ಯಾಕ್ಟರಿನ ಮುಂದಿನಿಂದ ಬನ್ನಿ.

ಯಂತ್ರವನ್ನೇ ಮುಟ್ಟದವರಿಗೆ ಬೈಕು ಇದೆ. 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ನರ್ತಕಿ ಇಸಡೋರಾ ಡಂಕನ್ ತೆರೆದ ಕಾರಿನಲ್ಲಿ ಹೊರಟಾಗ ಅವರ ಉದ್ದ ಶಾಲು ಚಕ್ರಕ್ಕೆ ಸಿಕ್ಕಿ ಅಲ್ಲೇ ಮರಣ ಹೊಂದಿದರು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮದ ಪ್ರಕಾರ ಬೈಕಿನ ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗ ಮುಚ್ಚುವ ಕವಚ ಇರಬೇಕು, ಹಿಂದೆ ಕೂತವರ ಬಟ್ಟೆ ಸಿಕ್ಕದಿರಲೆಂದೇ. ನಾವು ಸ್ಯಾರಿ ಗಾರ್ಡ್ ಅನ್ನುವುದು ಅದನ್ನೇ. ಹೊಸ ಬೈಕು ತಂದ ವಾರವೇ ಅಂದಕ್ಕೆಂದು ಅದನ್ನು ಬಿಚ್ಚಿಸುವ ತಮ್ಮಂದಿರು ಈ ಸಭೆಯಲ್ಲೂ ಇದ್ದಾರೆ. ಅಮ್ಮಿಯನ್ನು, ಆಪಾಳನ್ನು ಅದೇ ಬೈಕಿನಲ್ಲಿ ಕೂರಿಸಿಕೊಂಡು ಹೋಗುವವರೂ ಅವರೇ.

ಹೊಸ ಸಿಎನ್‌ಸಿ ಯಂತ್ರಗಳಿಗೆ ಬಾಗಿಲಿದೆ, ಬಾಗಿಲು ತೆರೆದರೆ ತಿರುಗುವುದಿಲ್ಲ. ಅಲ್ಲಿ ಕೆಲಸ ಬೇಗ ಸಾಗಲೆಂದು ಬಾಗಿಲ ಸೆನ್ಸರಿಗೆ ಏನಾದರೂ ಸಿಕ್ಕಿಸಿ ಮೋಸ ಮಾಡುವ ಚಾಳಿ ಇದೆಯೆಂದು ಕೇಳಿದ್ದೇನೆ. ಮೇಲಿನವರು ಹೇಳಿದರೂ ಮಾಡಬೇಡಿ.

ಕಡೆಯದಾಗಿ, ಕಣ್ಣೆದುರು ಯಾರದಾದರೂ ಬಟ್ಟೆ ಸಿಕ್ಕಿಕೊಂಡರೆ ಮನುಷ್ಯನನ್ನು ಹಿಡಿದೆಳೆಯಲು ಓಡಬೇಡಿ, ಸ್ವಿಚ್ಚಿನ ಕಡೆ ಓಡಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇನ್ ಸ್ವಿಚ್ಚು ಎಲ್ಲಿದೆ ಎಂದು ಕೇಳಿ, ಹೋಗಿ ಮುಟ್ಟಿ ನೋಡಿ ಬನ್ನಿ. ಯಂತ್ರವನ್ನು ಕರೆಂಟಿನಲ್ಲಿ ಹಿಂದಕ್ಕೆ ತಿರುಗಿಸಿ ಬಿಡಿಸುವ ಪ್ರಯತ್ನ ಬೇಡ. ಮೊದಲು ಕೊರಳಿನ ಬಟ್ಟೆ ಕತ್ತರಿಸಿ. ಅದಕ್ಕಾಗಿ ಒಂದು ದೊಡ್ಡ ಕತ್ತರಿಯನ್ನು ಗೋಡೆಗೆ ತೂಗುಹಾಕಿಡಿ. 108ಕ್ಕೆ ಫೋನು ಮಾಡಿ. ರಕ್ತ ಸೋರುವ ಜಾಗವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬೆರಳು ತುಂಡಾಗಿದ್ದರೆ ಅದನ್ನು ಹುಡುಕಿ ತೆಗೆದು, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸು ಹಾಕಿದ ನೀರಿನಲ್ಲಿಡಿ. ಬೆರಳನ್ನು ನೇರವಾಗಿ ಐಸಿನ ಮೇಲೆ ಇಡಬೇಡಿ, ಮಾಂಸ ಸತ್ತುಹೋಗುತ್ತದೆ. ಆ ಚೀಲ ಗಾಯಾಳುವಿನ ಜೊತೆಯಲ್ಲೇ ಆಂಬ್ಯುಲೆನ್ಸಿನಲ್ಲಿ ಹೋಗಬೇಕು.

ತಲೆವಸ್ತ್ರ ಮತ್ತು ಕೋಟಿನ ಕಾಗದದ ಪ್ಯಾಟರ್ನ್ ಕತ್ತರಿಸಿ ತಂದಿದ್ದೇನೆ. ಬೇಕಾದ ತಾಯಂದಿರು ಊಟದ ನಂತರ ಬಂದು ತೆಗೆದುಕೊಳ್ಳಬಹುದು.